ಕುದುರೆ ತೋಟದಲ್ಲಿ ಕಲಿಸಿದ್ದು

ಹನಗೋಡಿನಿಂದ ಹೊಳೆಯ ಕಡೆಗೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿ ಆ ತೋಟವಿತ್ತು. ಸುತ್ತಲಿನವರು ಅದನ್ನು ಕುದುರೆ ತೋಟ ಅನ್ನುತ್ತಿದ್ದರು. ರೇಸಿನಲ್ಲಿ ಓಡಿ ಮುಗಿದವು, ಟಾಂಗಾ ಎಳೆದು ಕಾಲು ಸೋತವು, ಮದುವೆ ಮೆರವಣಿಗೆಗೆ ಬಾಡಿಗೆ ಹೋಗಿ ಹೋಗಿ ಪಟಾಕಿ ಸದ್ದಿಗೆ ತಲೆ ಕೆಟ್ಟವು, ಹೀಗೆ ಯಾರಿಗೂ ಬೇಡವಾದ ಕುದುರೆಗಳು ಅಲ್ಲಿಗೆ ಬಂದು ಸೇರುತ್ತಿದ್ದವು. ಜಾಗ ಕೊಡಗಿನ ಕಡೆಯ ಒಬ್ಬ ಹಿರಿಯ ಹೆಂಗಸಿನದು. ನಾವೆಲ್ಲ ಅವರನ್ನು ಅಮ್ಮಾವ್ರು ಅನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಹೊಗೆಸೊಪ್ಪು ಬೆಳೆಯುತ್ತಿದ್ದ ಜಮೀನಿಗೆ ಬೇಲಿ ಹಾಕಿಸಿ ಹುಲ್ಲು ಬಿಟ್ಟಿದ್ದರು. ಹೊಗೆಸೊಪ್ಪು ಒಣಗಿಸುತ್ತಿದ್ದ ಹಳೆಯ ಬ್ಯಾರನ್ನಿನ ಗೋಡೆ ಒಡೆಸಿ, ಕಿಟಕಿ ಇಡಿಸಿ, ಲಾಯ ಮಾಡಿಸಿದ್ದರು. ಮಳೆ ಬಿದ್ದ ದಿನ ಆ ಗೋಡೆಗಳಿಂದ ಇನ್ನೂ ಹೊಗೆಸೊಪ್ಪಿನ ವಾಸನೆ ಏಳುತ್ತಿತ್ತು.

ನಾನು ಪಿರಿಯಾಪಟ್ಟಣದವನು. ನಮ್ಮ ಮನೆಯಲ್ಲಿ ತಲೆಮಾರಿನಿಂದ ಬೂಸಾ, ಹಿಂಡಿ ಮಾರುವ ವ್ಯಾಪಾರ. ಹುಡುಗನಾಗಿದ್ದಾಗ ನಾನು ಆಳೆತ್ತರ ಬೆಳೆಯಲೇ ಇಲ್ಲ. ನಮ್ಮ ಸೋದರಮಾವ, "ಇವನು ಕುದುರೆ ಮೇಲೆ ಕೂರಕ್ಕೇ ಹುಟ್ಟವ್ನೆ" ಎಂದು ಮೈಸೂರಿನ ರೇಸ್ ಲಾಯಕ್ಕೆ ಸೇರಿಸಿದ. ಅಲ್ಲಿ ಬೆಳಗಿನ ಹೊತ್ತು ಕುದುರೆಗಳನ್ನು ಓಡಿಸಿ ಪಳಗಿಸುವ ಕೆಲಸ. ಒಂದು ಬೆಳಗ್ಗೆ ಒದ್ದೆ ನೆಲದಲ್ಲಿ ಜಾರಿದ ಕುದುರೆ ನನ್ನ ಮೇಲೆಯೇ ಉರುಳಿತು. ಸೊಂಟಕ್ಕೆ ರಾಡ್ ಹಾಕಿದರು. ಮತ್ತೆ ಜೀನಿನ ಮೇಲೆ ಕೂರಲು ಆಗಲಿಲ್ಲ. ಅಮ್ಮಾವ್ರು ನನ್ನನ್ನು ಹುಡುಕಿಸಿ ಕರೆಸಿದರು.

"ಕುದುರೆ ನೋಡಿಕೊಳ್ಳುವ ಜನ ನನಗೆ ಸಿಗ್ತಾ ಇಲ್ಲ. ಇಲ್ಲಿನವರಿಗೇ ಕಲಿಸಬೇಕು. ನೀವು ಕಲಿಸ್ತೀರಾ?" ಎಂದರು.

ಕಲಿಸುತ್ತೇನೆ ಎಂದೆ. ಬೇರೆ ಏನು ಮಾಡಲಿಕ್ಕೂ ನನಗೆ ಬರುತ್ತಿರಲಿಲ್ಲ.

ಮೊದಲು ಬಂದವರು ಇಬ್ಬರು. ಒಬ್ಬ ಲಗೇಜ್ ಆಟೋ ಓಡಿಸುತ್ತಿದ್ದವನು. ಇನ್ನೊಬ್ಬರು ನಲವತ್ತು ದಾಟಿದ ಹೆಂಗಸು, ಹೊಳೆಯಾಚೆಯ ಸಣ್ಣ ಊರಿನವರು. ಅವರ ಮನೆಯಲ್ಲಿ ಸ್ವಲ್ಪ ಗದ್ದೆ, ಸ್ವಲ್ಪ ಬೆದ್ದಲು, ಎರಡು ಸೀಮೆಹಸು. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಅಣ್ಣ ಅನ್ನುತ್ತಿದ್ದರು. ಯಾರು ದೊಡ್ಡವರು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ಅವರಿಬ್ಬರಿಗೂ ದನ ಗೊತ್ತಿತ್ತು, ಕುದುರೆ ಗೊತ್ತಿರಲಿಲ್ಲ. ಹಸುವಿನ ಹಿಂದೆ ಹೋಗಿ ಬೆನ್ನು ತಟ್ಟಿದರೆ ಅದು ಸರಿದು ಜಾಗ ಕೊಡುತ್ತದೆ. ಆಟೋದವನು ಮೊದಲ ದಿನವೇ ಒಂದು ಟಾಂಗಾ ಕುದುರೆಗೆ ಹಾಗೆ ತಟ್ಟಿದ. ಗೊರಸು ಅವನ ಮೊಣಕಾಲು ಸವರಿಕೊಂಡು ಹೋಗಿ ಬಕೆಟ್ಟಿಗೆ ಬಡಿಯಿತು. ಬಕೆಟ್ಟು ಎರಡು ಹೋಳಾಯಿತು. ಅವನು ಬೇಲಿ ಹಾರಿ ಆಚೆ ನಿಂತು, "ಇದ್ರವ್ವನ್, ಇದ್ಕೆ ಬ್ರೇಕೇ ಇಲ್ವಲ್ಲ ಗುರುವೇ!" ಎಂದ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ನಗು ನೆನಪಿದೆ. ಆ ತೋಟದಲ್ಲಿ ನಾವು ಹಾಗೆ ನಕ್ಕ ದಿನಗಳೂ ಇದ್ದವು ಎಂದು ಈಗ ನನಗೇ ನಂಬಿಕೆ ಬರುವುದಿಲ್ಲ.

ನಾನು ಕಲಿಸಿದ್ದು ಬಹಳವೇನಲ್ಲ. ಕುದುರೆಯ ಭುಜದ ಹತ್ತಿರ ನಿಲ್ಲಿ. ಮುಟ್ಟುವ ಮೊದಲು ಮಾತಾಡಿ. ಗೊರಸು ಎತ್ತುವಾಗ ಕಾಲಿನ ಮೇಲಿಂದ ಕೈ ಜಾರಿಸಿಕೊಂಡು ಬನ್ನಿ. ಹಗ್ಗ ಹಿಡಿದು ಎಳೆಯಬೇಡಿ. ನೀವು ಹೆದರಿಕೆಯಿಲ್ಲದೆ ಮುಂದೆ ನಡೆದರೆ ಅದು ಹಿಂದೆ ಬರುತ್ತದೆ. ಎಳೆದು ತಂದ ಕುದುರೆ ಒಂದು ದಿನ ಬರುತ್ತದೆ, ನಂಬಿ ಬಂದ ಕುದುರೆ ದಿನಾ ಬರುತ್ತದೆ. ಈ ಕೊನೆಯ ಮಾತನ್ನು ನಾನು ಎಷ್ಟು ಸಲ ಹೇಳಿದೆನೆಂದರೆ, ನಾನು ಬಾಯಿ ತೆರೆಯುವ ಮೊದಲೇ ಆಟೋದವನು ಅದನ್ನು ಹೇಳಿ ಮುಗಿಸುತ್ತಿದ್ದ.

ತೋಟದಲ್ಲಿ ಒಂದು ಕಂದು ಹೆಣ್ಣುಕುದುರೆ ಇತ್ತು, ಹಣೆಯ ಮೇಲೆ ಬಿಳಿ ಚುಕ್ಕೆಯದು. ಅದು ಎಳೆಯದಾಗಿದ್ದಾಗ ಬೆಳಗಿನ ಓಟಕ್ಕೆ ನಾನೇ ಅದರ ಮೇಲೆ ಕೂತದ್ದುಂಟು. ರೇಸು ಬಿಟ್ಟ ಮೇಲೆ ಎಲ್ಲೆಲ್ಲಿ ಕೈ ಬದಲಾಯಿತೋ ತಿಳಿಯದು. ನಮ್ಮಲ್ಲಿಗೆ ಬಂದಾಗ ಕಿವಿಯ ಬುಡದಲ್ಲಿ ಹಳೆಯ ಗಾಯದ ಗುರುತಿತ್ತು. ಯಾರಾದರೂ ಕೈ ಮೇಲೆತ್ತಿದರೆ ಸಾಕು, ಹಿಂಗಾಲ ಮೇಲೆ ನಿಂತುಬಿಡುತ್ತಿತ್ತು. ನನ್ನ ಗುರುತು ಅದಕ್ಕೆ ಇರಲಿಲ್ಲ. ಇದ್ದಿದ್ದರೂ ಅದರ ಲೆಕ್ಕದಲ್ಲಿ ನಾನೂ ಹೊಡೆದವರ ಪೈಕಿಯೇ ಇದ್ದೆನೇನೋ.

ಅಕ್ಕನಿಗೆ ಆ ಕುದುರೆಯನ್ನು ವಹಿಸಿದೆ. "ಏನೂ ಮಾಡ್ಬೇಡಿ ಅಕ್ಕ. ಅದರ ಬೇಲಿಯೊಳಗೆ ಹೋಗಿ ಬೆನ್ನು ತಿರುಗಿಸಿ ಕೂತ್ಕೊಳ್ಳಿ. ಅದರ ಕಡೆ ನೋಡ್ಬೇಡಿ. ಏನಾದ್ರೂ ಮನೆ ಕೆಲಸ ತಂದು ಮಾಡ್ತಿರಿ," ಎಂದೆ.

"ಕೂತ್ಕಳಕ್ಕೂ ಸಂಬಳ ಕೊಡ್ತರಾ ಅಣ್ಣ?" ಎಂದರು.

ಅವರೇಕಾಯಿ ಕಾಲ. ಅಕ್ಕ ಮನೆಯಿಂದ ಒಂದು ಚೀಲ ಅವರೇಕಾಯಿ ತಂದು, ಬಕೆಟ್ಟು ಬೋರಲು ಹಾಕಿ ಕೂತು ಸುಲಿಯತೊಡಗಿದರು. ಸೊಸೆಯ ಬಗ್ಗೆ, ಹಸುವಿನ ಕೆಚ್ಚಲು ಬಾವಿನ ಬಗ್ಗೆ, ನಿಂತುಹೋದ ಬಸ್ಸಿನ ಬಗ್ಗೆ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ಕುದುರೆ ಆ ಮೂಲೆಯಲ್ಲಿ ಕಿವಿ ನಿಮಿರಿಸಿ ನಿಂತಿರುತ್ತಿತ್ತು. ವಾರಗಳು ಕಳೆದವು. ಒಂದು ಬೆಳಗ್ಗೆ ನಾನು ನೀರಿನ ತೊಟ್ಟಿ ತೊಳೆಯುತ್ತಿದ್ದಾಗ ಅಕ್ಕನ ಮಾತು ನಿಂತದ್ದು ಕೇಳಿ ತಲೆಯೆತ್ತಿ ನೋಡಿದೆ. ಕುದುರೆ ಅವರ ಹಿಂದೆ ನಿಂತು, ಕತ್ತು ಚಾಚಿ, ಮಡಿಲಿನ ಸಿಪ್ಪೆ ಮೂಸುತ್ತಿತ್ತು. ಅಕ್ಕ ಅಲುಗಲಿಲ್ಲ. ನಾನು ಕಲಿಸಿದ್ದಂತೆ ಕಣ್ಣು ಕೆಳಗೆ ಹಾಕಿ ಕೂತಿದ್ದರು. ಕಣ್ಣೀರು ಮಾತ್ರ ಸುರಿಯುತ್ತಿತ್ತು.

ಮುಂದಿನ ಮಳೆಗಾಲದ ಹೊತ್ತಿಗೆ ಅದು ಹಗ್ಗವೇ ಇಲ್ಲದೆ ಅಕ್ಕನ ಹಿಂದೆ ತಿರುಗಾಡುವಂತಾಯಿತು. ಅವರು ಹುಲ್ಲಿನ ಹೊರೆ ತರಲು ಹೋದರೆ ಬೇಲಿಯ ಈ ತುದಿಯಿಂದ ಆ ತುದಿಯವರೆಗೆ ಜೊತೆಯಲ್ಲಿ ನಡೆಯುತ್ತಿತ್ತು. ಅಮ್ಮಾವ್ರು ಬಂದ ಅತಿಥಿಗಳಿಗೆಲ್ಲ ಅದನ್ನು ತೋರಿಸುತ್ತಿದ್ದರು. ನನಗೂ ಹೆಮ್ಮೆ. ರೇಸಿಗೆ ಓಡಿಸಿ ಪಳಗಿಸಿದ್ದಕ್ಕಿಂತ ಇದು ದೊಡ್ಡದು ಅನ್ನಿಸಿತ್ತು.

ಆಮೇಲೆ ಇನ್ನೊಂದು ಟಾಂಗಾ ಕುದುರೆ ಬಂತು. ಬಡಕಲು. ಬಂದ ಕೆಲವು ದಿನಕ್ಕೆ ಜ್ವರ, ಮೂಗಿನಲ್ಲಿ ಹಳದಿ ಕೀವು, ಹಿಂಗಾಲಿನಲ್ಲಿ ಗಂಟುಗಂಟಾಗಿ ಒಡೆಯುವ ಹುಣ್ಣು. ಸರ್ಕಾರಿ ಪಶು ಡಾಕ್ಟರನ್ನು ಕರೆಸಿದೆವು. ಅವರು ದೂರದಲ್ಲೇ ನಿಂತು ನೋಡಿ, ಜೇಬಿನಿಂದ ಮಾಸ್ಕ್ ತೆಗೆದು ಹಾಕಿಕೊಂಡರು. ಅವರು ಮಾಸ್ಕ್ ಹಾಕಿಕೊಂಡ ರೀತಿಯಲ್ಲೇ ನನಗೆ ಅರ್ಥವಾಯಿತು. ರೇಸ್ ಲಾಯದಲ್ಲಿ ಆ ರೋಗದ ಹೆಸರನ್ನು ಹಿರಿಯರು ಮೆಲುದನಿಯಲ್ಲಿ ಹೇಳುತ್ತಿದ್ದರು: ಗ್ಲ್ಯಾಂಡರ್ಸ್. ಅದಕ್ಕೆ ಮದ್ದಿಲ್ಲ. ಮನುಷ್ಯರಿಗೂ ಅಂಟುತ್ತದೆ. ರೋಗ ಬಂದ ಕುದುರೆಯನ್ನು ಜೀವಂತ ಬಿಡುವಂತಿಲ್ಲ, ಕಾನೂನೇ ಹಾಗೆ.

ಎಲ್ಲ ಕುದುರೆಗಳ ರಕ್ತ ತೆಗೆದುಕೊಂಡು ಹೋದರು. ನಮ್ಮ ರಕ್ತವನ್ನೂ. ಗೇಟಿಗೆ ಬೀಗ ಬಿತ್ತು. ಕುದುರೆ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ.

ಸುದ್ದಿ ಊರೂರಿಗೆ ಹರಡಲು ಒಂದು ಮಧ್ಯಾಹ್ನ ಸಾಕಾಯಿತು. ಹುಲ್ಲು ತಂದು ಕೊಡುತ್ತಿದ್ದವನು ಹೊರೆಯನ್ನು ರಸ್ತೆಯ ತಿರುವಿನಲ್ಲೇ ಇಳಿಸಿ ಹೋದ. ಆಟೋದವನ ಹೆಂಡತಿ ಬಸುರಿ. ಅವನು ಗೇಟಿನಾಚೆ ನಿಂತು, "ತಪ್ಪು ತಿಳ್ಕಬ್ಯಾಡಿ ಅಣ್ಣ, ಅತ್ತೆ ಮನೆಯವ್ರು ಬುಡ್ತಿಲ್ಲ," ಎಂದ. ತಪ್ಪು ತಿಳಿದುಕೊಳ್ಳಲು ಏನಿತ್ತು? ಹೋಗಪ್ಪ ಎಂದೆ. ಅಕ್ಕನ ಊರಿನಲ್ಲಿ ಡೈರಿಗೆ ಹಾಲು ಹಾಕಲು ನಿಂತ ಹೆಂಗಸರು, ಆ ಮನೆಯ ಹಾಲು ನಮ್ಮ ಹಾಲಿನ ಜೊತೆ ಬೆರೆಸಬೇಡಿ ಎಂದು ಗಲಾಟೆ ಮಾಡಿದರಂತೆ. ಅಕ್ಕನ ಗಂಡ ಫೋನು ಮಾಡಿ, ಒಂದೋ ಆ ಕೆಲಸ ಬಿಟ್ಟು ಈಗಲೇ ಬಾ, ಇಲ್ಲ ಎಲ್ಲ ಮುಗಿಯುವವರೆಗೆ ಮನೆ ಕಡೆ ಬರಬೇಡ ಎಂದ. ಅಕ್ಕ ಬ್ಯಾರನ್ನಿನ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಉಳಿದರು.

"ಓಗ್ಬಾರದಾ ಅಕ್ಕ? ನಾನೊಬ್ನೇ ನೋಡ್ಕತೀನಿ," ಎಂದೆ.

"ನಾನ್ ಓದ್ರೆ ಅದು ಯಾರ್ ಕೈಲಿ ನೀರ್ ಕುಡೀತದೆ?" ಎಂದರು. ಅದು ಎಂದರೆ ಆ ಕಂದು ಕುದುರೆ.

ನಮ್ಮ ರಕ್ತದಲ್ಲಿ ಏನೂ ಇರಲಿಲ್ಲ. ಟಾಂಗಾ ಕುದುರೆಗೆ ರೋಗ ಇದೆ ಎಂದು ಬಂತು, ಅದು ನಿರೀಕ್ಷಿಸಿದ್ದೇ. ಜೊತೆಗೆ ಇನ್ನೂ ಮೂರಕ್ಕೆ. ಆ ಮೂರರಲ್ಲಿ ಒಂದು ಅಕ್ಕನದು.

ಡಾಕ್ಟರು ವಿಷಯ ತಿಳಿಸಲು ತಾವೇ ಬಂದಿದ್ದರು. ವಯಸ್ಸು ಚಿಕ್ಕದು, ಒಳ್ಳೆಯ ಮನುಷ್ಯ. ಅಕ್ಕ ಅವರ ದಾರಿಗೆ ಅಡ್ಡ ನಿಂತರು.

"ಅದ್ಕೇನಾಗದೆ ಸಾರ್? ಬನ್ನಿ, ನೋಡ್ಬನ್ನಿ. ಒಟ್ಟೆ ತುಂಬ ತಿಂತಾ ಅದೆ. ಮೂಗಲ್ಲಿ ಒಂದ್ ತೊಟ್ಟು ಸೋರ್ತಿಲ್ಲ. ಮೈ ಮಿಂಚ್ತಾ ಅದೆ. ಇನ್ಯಾವ್ದೋ ಕುದ್ರೆ ರಕ್ತ ಅದಲು ಬದಲು ಆಗದೆ ಕಣಿ ಸಾರ್."

"ರೋಗ ಹೊರಗೆ ಕಾಣದೇನೂ ಇರಬಹುದು ಅಮ್ಮ. ಆದ್ರೂ ಇನ್ನೊಂದು ಸಲ ರಕ್ತ ಕಳಿಸ್ತೀನಿ," ಎಂದರು ಡಾಕ್ಟರು.

ಕಳಿಸಿದರು. ಕಾಯುವ ಆ ದಿನಗಳಲ್ಲಿ ಅಕ್ಕ ಕುದುರೆಯ ಹತ್ತಿರ ಹೋಗುವಂತಿರಲಿಲ್ಲ. ಕೈಗವಸು, ಮಾಸ್ಕ್, ಬೂಟು ಹಾಕಿಕೊಂಡು ಹುಲ್ಲು ನೀರು ಇಟ್ಟು ಹಿಂದೆ ಸರಿಯಬೇಕು. ಕುದುರೆ ಬೇಲಿಗೆ ಎದೆ ಒತ್ತಿ ನಿಂತು ಅವರನ್ನೇ ನೋಡುತ್ತಿತ್ತು. ಹತ್ತಿರ ಬಂದು ಯಾಕೆ ಮುಟ್ಟುತ್ತಿಲ್ಲ ಎಂದು ಅದಕ್ಕೆ ತಿಳಿಯದು. ಅಕ್ಕ ಮಾಸ್ಕಿನೊಳಗಿಂದಲೇ ಮಾತಾಡುತ್ತಿದ್ದರು. ಕುದುರೆ ಧ್ವನಿಯ ಕಡೆಗೆ ಕಿವಿ ತಿರುಗಿಸುತ್ತಿತ್ತು. ಎರಡನೆಯ ಸಲವೂ ಅದೇ ಉತ್ತರ ಬಂತು.

ಆ ನಾಲ್ಕನ್ನು ಕೊಲ್ಲಲು ಗೊತ್ತುಮಾಡಿದ ದಿನ ಅಮ್ಮಾವ್ರು ತೋಟಕ್ಕೆ ಬರಲಿಲ್ಲ. ನನಗೆ ನೋಡಲು ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಅವರನ್ನು ದೂರುವುದಿಲ್ಲ. ನೋಡಲು ಯಾರಿಗೂ ಆಗುತ್ತಿರಲಿಲ್ಲ. ಆದರೆ ಯಾರೋ ಇಬ್ಬರು ಅಲ್ಲಿರಲೇಬೇಕಿತ್ತು.

ಬೆಳಗ್ಗೆ ಜೆಸಿಬಿ ಬಂದು ತೋಟದ ತುದಿಯಲ್ಲಿ ಗುಂಡಿ ತೋಡಿತು. ಸುಣ್ಣದ ಮೂಟೆಗಳನ್ನು ಇಳಿಸಿದರು. ಬಂದವರೆಲ್ಲ ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಬಟ್ಟೆ ತೊಟ್ಟಿದ್ದರು. ನಮಗೂ ತೊಡಿಸಿದರು. ಟಾಂಗಾ ಕುದುರೆಗೆ ನಡೆಯುವ ಶಕ್ತಿ ಇರಲಿಲ್ಲ, ಅದಕ್ಕೆ ಮಲಗಿದ್ದಲ್ಲೇ ಚುಚ್ಚಿದರು. ಉಳಿದೆರಡು ಮುದಿಯವು, ಹಗ್ಗ ಹಿಡಿದು ನಾನು ನಡೆದೆ, ಹಿಂದೆ ಬಂದವು. ಕಂದು ಕುದುರೆ ಮಾತ್ರ ಬಿಳಿ ಬಟ್ಟೆಯವರನ್ನು ಕಂಡದ್ದೇ ಹಿಂಗಾಲ ಮೇಲೆ ನಿಂತಿತು. ಬೇಲಿಯ ಕಂಬ ಅಲುಗಾಡಿತು.

"ಹೀಗಾದ್ರೆ ನಾಲ್ಕೂ ಕಡೆ ಹಗ್ಗ ಹಾಕಿ ಎಳೆಸಬೇಕಾಗುತ್ತೆ. ಅದು ಬಹಳ ಒದ್ದಾಡುತ್ತೆ," ಎಂದರು ಡಾಕ್ಟರು. ಅವರ ಕನ್ನಡಕ ಬೆವರಿಗೆ ಮಂಜಾಗಿತ್ತು.

"ನಾನು ಓಯ್ತೀನಿ," ಎಂದೆ.

"ನಿಮ್ ಸೊಂಟಕ್ಕೆ ಅದು ಎಗರುದ್ರೆ ತಡ್ಯಕಾಯ್ತದಾ? ಬುಡಿ ಅಣ್ಣ," ಎಂದು ಅಕ್ಕ ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು.

ಅವರು ಒಳಗೆ ಹೋಗಿ ಕುದುರೆಗೆ ಬೆನ್ನು ತಿರುಗಿಸಿ ನಿಂತರು. ಹಾಗೆಯೇ ನಿಂತರು. ಮಾತಾಡತೊಡಗಿದರು. ಸೊಸೆಯ ಮಾತು, ಹಸುವಿನ ಮಾತು. ನಾವೆಲ್ಲ ದೂರ ಸರಿದೆವು. ಕುದುರೆಯ ಉಸಿರು ನಿಧಾನವಾಯಿತು. ಕತ್ತು ಇಳಿಯಿತು. ಅದು ಬಂದು ಅವರ ಹೆಗಲಿಗೆ ಮೂತಿ ತಾಗಿಸಿತು. ಅಕ್ಕ ಅದರ ತಲೆಗೆ ಹಗ್ಗ ಹಾಕಿದರು, ಆದರೆ ಹಗ್ಗ ಬಿಗಿಯಾಗಲೇ ಇಲ್ಲ. ಅವರು ಮುಂದೆ ನಡೆದರು, ಅದು ಹಿಂದೆ ನಡೆಯಿತು. ತೋಟದ ಉದ್ದಕ್ಕೂ, ಹುಲ್ಲಿನ ಮೇಲೆ, ಸುಣ್ಣದ ಮೂಟೆಗಳನ್ನು ದಾಟಿಕೊಂಡು.

"ಬಾ ಕಣವ್ವ. ಏನೂ ಇಲ್ಲ ಕಣವ್ವ. ಬಾ."

ನಾನು ನನ್ನ ಕಣ್ಣಿಂದ ನೋಡಿದೆ. ನಾನು ಕಲಿಸಿದ್ದೆಲ್ಲ ಅಕ್ಕನ ಆ ನಡಿಗೆಯಲ್ಲಿತ್ತು. ಒಂದೇ ಒಂದು ತಪ್ಪು ಇರಲಿಲ್ಲ. ಮುಟ್ಟುವ ಮೊದಲು ಮಾತಾಡಿದ್ದು, ಉಸಿರು ಸಡಿಲ ಬಿಟ್ಟದ್ದು, ಹಗ್ಗ ಎಳೆಯದಿದ್ದದ್ದು. ಆ ಕುದುರೆಗೆ ಮನುಷ್ಯರ ಮೇಲೆ ಹೆದರಿಕೆ ಇದ್ದಿದ್ದರೆ ಕೊನೆಗೆ ಒಂದಷ್ಟು ಹೋರಾಡಿಯಾದರೂ ಸಾಯುತ್ತಿತ್ತು. ಅದನ್ನೂ ನಾವು ಅದರಿಂದ ಕಿತ್ತುಕೊಂಡಿದ್ದೆವು.

ಡಾಕ್ಟರು ಮೊದಲು ನಿದ್ದೆಯ ಚುಚ್ಚುಮದ್ದು ಕೊಟ್ಟರು. ಕುದುರೆ ಅಕ್ಕನಿಗೆ ಒರಗಿ ನಿಂತಿತು. ಮಂಡಿ ಮಡಚುವಾಗ ಅಕ್ಕನನ್ನು ಇಬ್ಬರು ಹಿಡಿದು ಹಿಂದಕ್ಕೆ ಎಳೆದರು, ಇಲ್ಲದಿದ್ದರೆ ಅದು ಅವರ ಮೇಲೇ ಬೀಳುತ್ತಿತ್ತು. ಆಮೇಲಿನ ಚುಚ್ಚುಮದ್ದು ಕೊಟ್ಟಾಗ ಅಕ್ಕ ಬೆನ್ನು ತಿರುಗಿಸಿದ್ದರು.

ಬಟ್ಟೆ ಕಳಚಿ ಸುಡಲು ಕೊಟ್ಟ ಮೇಲೆ ಅಕ್ಕ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದರು. ಅಳಲಿಲ್ಲ. "ಏನೂ ಇಲ್ಲ ಅಂದ್ಬುಟ್ಟೆ ಅಣ್ಣ ಅದ್ಕೆ," ಎಂದರು. ಲಾಯದ ಹುಲ್ಲಿಗೆ ಬೆಂಕಿ ಹಚ್ಚಿದ್ದರು. ಹೊಗೆಗೆ ಕೆಮ್ಮುತ್ತಾ ಇಬ್ಬರೂ ಅಲ್ಲೇ ಕೂತಿದ್ದೆವು.

ಆ ವಾರವೇ ಅಕ್ಕ ಹೊರಟರು. ಹೋಗುವಾಗ ಉಳಿದ ಕುದುರೆಗಳ ಕಡೆ ಹೋಗಲಿಲ್ಲ. ಅವು ಬೇಲಿಯ ಹತ್ತಿರ ಬಂದು ನಿಂತಿದ್ದವು. ಅಕ್ಕ ರಸ್ತೆಯ ಆ ಬದಿ ಹಿಡಿದು ನಡೆದರು.

ಉಳಿದ ಕುದುರೆಗಳಿಗೆ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಿದರು. ಏನೂ ಇಲ್ಲ ಎಂದು ಬಂತು. ಗೇಟಿನ ಬೀಗ ತೆಗೆದರು. ಬೀಗ ತೆಗೆದರೂ ಯಾರೂ ಬರಲಿಲ್ಲ. ಅಮ್ಮಾವ್ರು ಹಂಪಾಪುರದ ಕಡೆಯಿಂದ ಇಬ್ಬರನ್ನು ಹೊಸದಾಗಿ ಕರೆಸಿದರು. "ಮೊದಲಿನ ಹಾಗೇ ಕಲಿಸಿ," ಎಂದರು. ನಾನು ಅವರನ್ನು ಒಂದು ಕುದುರೆಯ ಮುಂದೆ ನಿಲ್ಲಿಸಿದೆ. ಬಾಯಿ ತೆರೆದೆ. ಹಗ್ಗ ಎಳೆಯಬೇಡಿ ಎಂಬಲ್ಲಿಗೆ ಬಂದು ಮಾತು ನಿಂತಿತು. ಹುಲ್ಲು ಎಲ್ಲಿದೆ, ನೀರು ಎಲ್ಲಿದೆ ಎಂದು ತೋರಿಸಿ ಕಳಿಸಿದೆ. ಅವರು ಬಹಳ ದಿನ ಇರಲಿಲ್ಲ.

ಒಂದು ಸಂಜೆ ಅಮ್ಮಾವ್ರು ನನ್ನನ್ನು ಕೂರಿಸಿಕೊಂಡು, "ನನಗೂ ವಯಸ್ಸಾಯ್ತು. ಇವನ್ನ ಬೇರೆ ಕಡೆ ಕೊಡ್ತಾ ಇದೀನಿ. ದೊಡ್ಡ ಜಾಗವಂತೆ, ಒಳ್ಳೆಯ ಜನವಂತೆ," ಎಂದರು. 'ಅಂತೆ' ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಲಾರಿ ಬಂತು. ಕುದುರೆಗಳು ಹಲಗೆ ಹತ್ತಲು ಒಪ್ಪಲಿಲ್ಲ. ಲಾರಿಯವರು ಹಿಂದಿನಿಂದ ಕೋಲಿನಲ್ಲಿ ತಿವಿದರು, ಮುಂದಿನಿಂದ ಎಳೆದರು. ನಾನು ಕೈಕಟ್ಟಿ ನಿಂತಿದ್ದೆ. ಇನ್ನು ಯಾವ ಕುದುರೆಯನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದು ನಿರ್ಧರಿಸಿದ್ದೆ. ಒಂದು ಮುದಿ ಕುದುರೆ ಹಲಗೆಯ ಮೇಲೆ ಮುಗ್ಗರಿಸಿ ಮಂಡಿ ಕೆತ್ತಿಕೊಂಡಿತು. ರಕ್ತ ಬಂತು. ಆಗ ತಡೆಯಲಾಗಲಿಲ್ಲ, ಹೋಗಿ ಹಗ್ಗ ಹಿಡಿದೆ. ಒಂದಾದ ಮೇಲೊಂದು ಹತ್ತಿದವು. ಎಲ್ಲಿಗೆ ಹತ್ತಿಸಿದೆ ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಆಮೇಲೆ ಅಮ್ಮಾವ್ರಿಗೆ ಒಮ್ಮೆ ಫೋನು ಮಾಡಿ ಕೇಳಿದೆ. ಚೆನ್ನಾಗಿವೆಯಂತೆ ಎಂದರು.

ಈಗ ಪಿರಿಯಾಪಟ್ಟಣದಲ್ಲಿ ತಮ್ಮನ ಅಂಗಡಿಯಲ್ಲಿ ಕೂರುತ್ತೇನೆ. ಹಿಂಡಿ ತೂಗುತ್ತೇನೆ. ಹೋದ ಚಳಿಗಾಲದಲ್ಲಿ ಸೊಂಟದ ಡಾಕ್ಟರಿಗೆ ತೋರಿಸಲು ಹುಣಸೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕರು. ಮೊದಲು ಗುರುತು ಹತ್ತಲಿಲ್ಲ, ಅಷ್ಟು ಇಳಿದುಹೋಗಿದ್ದರು. ಹೊಗೆಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಿದ್ದಾರಂತೆ. ಬೆರಳ ತುದಿಗಳು ಕಪ್ಪಾಗಿದ್ದವು.

"ಮನೇಲಿ ಎಲ್ಲಾ ಸರಿ ಓಯ್ತಾ ಅಕ್ಕ?" ಎಂದೆ.

"ಊಂ. ಈಗ್ಯಾರೂ ಏನೂ ಅನ್ನಕಿಲ್ಲ. ಡೈರೀಲಿ ಹಾಲೂ ಆಕುಸ್ಕತರೆ."

"ಹಸು ಅವ್ಯಾ?"

"ಅವೆ. ಸೊಸೆ ನೋಡ್ಕತಾಳೆ. ನಾನು ಕೊಟ್ಟಿಗೆ ಕಡೆ ಓಗಕಿಲ್ಲ ಅಣ್ಣ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಓದ್ರೆ ಆ ಕರ ಬಂದು ಕೈ ನೆಕ್ತದೆ. ನಂಬ್ಕತದೆ ಕಣಣ್ಣ, ಮುಂಡೇದು. ತಳ್ಬುಟ್ಟು ಬತ್ತೀನಿ."

ಇದು ಹೋಗುತ್ತದೆ, ಕಾಲ ಕಳೆದರೆ ಸರಿಹೋಗುತ್ತದೆ ಎಂದು ಹೇಳಬೇಕೆಂದುಕೊಂಡೆ. ನನಗೇ ಹೋಗಿರಲಿಲ್ಲ. ಟೀ ಕುಡಿಯೋಣವೇ ಎಂದೆ, ಬೇಡ ಎಂದರು. ಹನಗೋಡಿನ ಬಸ್ಸು ಬಂತು. ಬಹಳ ಜನ ಇದ್ದರು. ಅಕ್ಕ ಚೀಲ ಎದೆಗೊತ್ತಿಕೊಂಡು ನುಗ್ಗಿ ಹತ್ತಿದರು. ಸೀಟು ಸಿಕ್ಕಿತೋ ಇಲ್ಲವೋ ನನಗೆ ಕಾಣಲಿಲ್ಲ.